‘ಜ್ಯೋತಿ’ ಯಾರದು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ಜಾಝ್ ಅಂದ್ರ ದೂರದ ಮಾತು. ಆದರೆ ಒಬ್ಬನೇ ನಾಲ್ಕು ವಾದ್ಯ ನುಡಿಸೋದು ಹೊಸದಲ್ಲ. ಭಜನ್ಯಾಗ ಹಾರ್ಮೋನಿಯಂ ಒತ್ತೋ ಮನುಷ್ಯಾನೇ ನಡುವ ದಿಮ್ಮಡಿ ತಗೋತಾನ, ತಾಳ ಹಿಡೀತಾನ. ಜಾಝ್ ಇತಿಹಾಸದಲ್ಲಿ ಮಾತ್ರ ಅಂಥವರಿಗೆ ಬೇರೆ ಸಾಲು. ಎರಿಕ್ ಡಾಲ್ಫಿ 1960ರಲ್ಲಿ ತನ್ನ ಮೊದಲ ಆಲ್ಬಂ ‘ಔಟ್‌ವರ್ಡ್ ಬೌಂಡ್’ನಲ್ಲಿ ಆಲ್ಟೋ ಸ್ಯಾಕ್ಸೊಫೋನ್, ಕೊಳಲು, ಬಾಸ್ ಕ್ಲಾರಿನೆಟ್ ಮೂರನ್ನೂ ಊದಿದ. ಬೀಬಾಪ್ ದಾಟಿದ ಮೇಲೆ ಮುಂದೇನು ಎಂದು ಜಾಝ್‌ನವರು ತಡಕಾಡುತ್ತಿದ್ದ ಕಾಲ ಅದು.

ಆ ತಡಕಾಟ ನಮ್ಮ ರಾಜ್ಯದವರನ್ನೂ ಮುಟ್ಟಿತು. ಮುಟ್ಟಿಸಿದವನು ಚಾರ್ಲಿ ಮರಿಯಾನೋ. 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿ, ಚಾರ್ಲಿ ಪಾರ್ಕರ್‌ನ ಗುಂಗಿನಲ್ಲಿ ಬೆಳೆದವನು. 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಆಲ್ಟೋ ಊದಿದ್ದು ಇವನೇ. ಅಷ್ಟು ಹೆಸರು ಮಾಡಿದ ಮೇಲೂ ಮತ್ತೆ ಶಿಷ್ಯನಾಗಿ ಕೂತು ನಾಗಸ್ವರ ಕಲಿತ. ನಮ್ಮ ಕಡಿ ಸನಾದಿ ಊದೋರನ್ನ ಕೇಳ್ರಿ, ಅದಕ್ಕ ಎಷ್ಟು ಉಸಿರು ಬೇಕು ಅಂತ ಹೇಳ್ತಾರ.

1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನ ಸ್ಟುಡಿಯೋದಲ್ಲಿ ಇಸಿಎಂ ಕಂಪನಿಗಾಗಿ ‘ಜ್ಯೋತಿ’ ರೆಕಾರ್ಡ್ ಆಯಿತು. ಮರಿಯಾನೋ ಜೊತೆಗಿದ್ದದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, 1964ರಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಸಂಸ್ಥೆ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಆರ್.ಎ. ರಮಾಮಣಿಯವರ ಹಾಡು ಮತ್ತು ತಂಬೂರಿ.

ಇದು ಮರಿಯಾನೋನ ಮೊದಲ ಆಲ್ಬಂ ಏನಲ್ಲ, ಆಗ ಅವನಿಗೆ ಐವತ್ತೊಂಬತ್ತು. ಆದರೆ ಕೇಳಿದರೆ ಹೊಸಬನ ಎಚ್ಚರ ಕಾಣಿಸುತ್ತದೆ. ಕಾರಣ ಸರಳ. ಇಲ್ಲಿ ಪಿಯಾನೋ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಒಂದರ ಹಿಂದೆ ಒಂದು ಬದಲಾಗುವ ಕಾರ್ಡ್‌ಗಳ ಮೇಲೆ ಓಡಿ ರೂಢಿಯಾದವನಿಗೆ ಓಡಲು ಕಾರ್ಡ್‌ಗಳೇ ಇಲ್ಲ. ಕದಲದ ಶ್ರುತಿ, ಎಣಿಸಬೇಕಾದ ತಾಳ, ಅಷ್ಟೆ. ಸ್ಯಾಕ್ಸೊಫೋನಿನ ಕೀಲಿಗಳು ಒಂದೊಂದು ಸ್ವರಕ್ಕೆ ಕಟ್ಟುಬಿದ್ದಂಥವು, ಗಮಕ ಬೇಕಾದರೆ ತುಟಿ, ಉಸಿರಿನಿಂದ ಸ್ವರ ಬಾಗಿಸಬೇಕು. ಅವನು ಅವಸರ ಮಾಡೋದಿಲ್ಲ. ಹಾಡುವವಳ ಬೆನ್ನಿಗೆ ನಡೀತಾನ, ಕೆಲವೊಮ್ಮೆ ಸುಮ್ಮನೇ ಇರ್ತಾನ. ನನಗೆ ಹಿಡಿಸಿದ್ದು ಆ ಸುಮ್ಮನಿರೋದೇ.

ಆಲ್ಬಂ ಶುರುವಾಗುವುದು ಸ್ಯಾಕ್ಸೊಫೋನಿನಿಂದ ಅಲ್ಲ, ರಮಾಮಣಿಯವರ ಕಂಠದಿಂದ; ಆ ತುಣುಕಿನ ಹೆಸರೇ ‘ವಾಯ್ಸ್ ಸೋಲೋ’. ರಚನೆಗಳೂ ಅವರವೇ. ಹಂಗಿದ್ದರೂ ಹೊದಿಕೆಯ ಮೇಲೆ ಮೊದಲು ಬರೋದು ಮರಿಯಾನೋ ಹೆಸರು, ಆಮೇಲೆ ಸಂಸ್ಥೆಯದು. ರಾಗ ಕಟ್ಟಿದಾಕಿ ಒಳಗಿನ ಸಣ್ಣ ಅಕ್ಷರಕ್ಕ ಹೋಗ್ಯಾಳ. ಜಾಝ್ ಬರೆಯುವವರು ಬೆಂಗಳೂರಿನವರನ್ನು ‘ಪಕ್ಕವಾದ್ಯ’ ಅಂದುಬಿಡುತ್ತಾರೆ. ಇದರಲ್ಲಿ ಮರಿಯಾನೋನ ತಪ್ಪು ಹುಡುಕಲಾರೆ. ನುಡಿಸಿದ್ದು ನೋಡಿದರೆ ಪಕ್ಕಕ್ಕೆ ಕೂತವನು ಅವನೇ.

ಅವನು 2009ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ತೀರಿಕೊಂಡ. ‘ಜ್ಯೋತಿ’ ಇನ್ನೂ ಅವನ ಹೆಸರಿನ ಸಾಲಿನಲ್ಲೇ ಇದೆ. ನನ್ನ ಕಪಾಟಿನ್ಯಾಗ ಮಾತ್ರ ಅದನ್ನ ‘ರ’ ಅಕ್ಷರದ ಕೆಳಗ ಇಟ್ಟೀನಿ.