ಲಿನಕ್ಸ್ ಕರ್ನೆಲ್‌ನಲ್ಲಿ ಇಂಟರಪ್ಟ್ ಸಂಖ್ಯೆ

ಕೀಲಿ ಒತ್ತಿದಾಗ, ಡಿಸ್ಕ್ ಓದಿ ಮುಗಿಸಿದಾಗ ಆಯಾ ಸಾಧನ ಪ್ರೊಸೆಸರ್‌ಗೆ ಕಳಿಸುವ ಸಂಕೇತವೇ ಇಂಟರಪ್ಟ್. ಅದು ಎಲ್ಲಿಂದ ಬಂತೆಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಸಂಖ್ಯೆ. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್‌ನ 8259 ಚಿಪ್ ಇಂಥ 8 ತಂತಿಗಳನ್ನು ನೋಡಿಕೊಳ್ಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಚಿಪ್‌ಗಳು ಎರಡಾದವು. ಅವನ್ನು ಪರಸ್ಪರ ಜೋಡಿಸಲು ಒಂದು ತಂತಿ ಹೋಗಿ 15 ಉಳಿದವು. 0 ಟೈಮರ್‌ಗೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 14 ಹಾರ್ಡ್ ಡಿಸ್ಕ್‌ಗೆ ಮೀಸಲು. ಹೊಸ ಸೌಂಡ್ ಕಾರ್ಡ್ ಕೂರಿಸುವವರು ಅದರ ಮೇಲಿನ ಪುಟ್ಟ ಜಂಪರ್ ಕಿತ್ತು ಬೇರೆ ಪಿನ್ನಿಗೆ ಸಿಕ್ಕಿಸಿ, ಯಾರೂ ಬಳಸದ ಸಂಖ್ಯೆಯನ್ನು ಹುಡುಕಬೇಕಿತ್ತು.

1991ರಲ್ಲಿ ಲಿನಕ್ಸ್ ಹುಟ್ಟಿದ್ದು ಇಂಥ ಪಿಸಿಯ ಮೇಲೆಯೇ. ಸಂಖ್ಯೆಯೆಂದರೆ ತಂತಿ ಎಂಬ ನಂಬಿಕೆ ಸಾಧನಗಳನ್ನು ನಡೆಸುವ ಅದರ ಡ್ರೈವರ್‌ಗಳಲ್ಲಿ ಬೇರೂರಿತು. ಆದರೆ ಎಆರ್‌ಎಂ, ಪವರ್‌ಪಿಸಿ ಬೋರ್ಡುಗಳಲ್ಲಿ ಇಂಟರಪ್ಟ್ ಚಿಪ್‌ಗಳೇ ಹಲವು, ಪ್ರತಿಯೊಂದಕ್ಕೂ ತನ್ನದೇ 5ನೇ ತಂತಿ. ಒಂದೊಂದು ಪ್ರೊಸೆಸರ್ ಕುಟುಂಬಕ್ಕೂ ಬೇರೆ ಬೇರೆ ಕೋಡ್ ಬೆಳೆಯಿತು. 2006ರ 2.6.18 ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್, ಎಆರ್‌ಎಂಗಾಗಿ ರಸೆಲ್ ಕಿಂಗ್ ರೂಪಿಸಿದ್ದ ವಿನ್ಯಾಸದ ಆಧಾರದ ಮೇಲೆ, ಎಲ್ಲಕ್ಕೂ ಸಲ್ಲುವ ಒಂದೇ ಪದರವನ್ನು ತಂದರು. ಮುಂದೆ ಗ್ರ್ಯಾಂಟ್ ಲೈಕ್ಲಿ, ಪವರ್‌ಪಿಸಿಯಲ್ಲಿದ್ದ ವ್ಯವಸ್ಥೆಯನ್ನೇ ವಿಸ್ತರಿಸಿ ಐಆರ್‌ಕ್ಯೂ (ಇಂಟರಪ್ಟ್ ಕೋರಿಕೆ) ಡೊಮೇನ್ ಕಟ್ಟಿದರು. ಚಿಪ್‌ನ ತಂತಿಸಂಖ್ಯೆ ಬೇರೆ, ಡ್ರೈವರ್ ಕೈಗೆ ಸಿಗುವ ಸಂಖ್ಯೆ ಬೇರೆ ಎಂದಾಯಿತು. ಎರಡರ ನಂಟನ್ನು ಕರ್ನೆಲ್ ಇಟ್ಟುಕೊಳ್ಳುತ್ತದೆ. ಸಂಖ್ಯೆಗಳ ಗೊಂದಲವನ್ನು ಸರಿಪಡಿಸುವ ಈ ಇಡೀ ಕೆಲಸದಲ್ಲಿ ಇದೇ ದೊಡ್ಡ ಹೆಜ್ಜೆ.

ಬಹುಕಾಲ ಕಾಡಿದ್ದು ಮಾತ್ರ ತೀರಾ ಸಣ್ಣದೆನಿಸುವ ಒಂದು ಪ್ರಶ್ನೆ: ಸಾಧನಕ್ಕೆ ಇಂಟರಪ್ಟೇ ಇಲ್ಲ ಎನ್ನುವುದು ಹೇಗೆ? ಪವರ್‌ಪಿಸಿ ಅದಕ್ಕೆ 0 ಬಳಸಿತು, ಎಆರ್‌ಎಂ −1. ಒಂದೇ ಡ್ರೈವರ್ ಎರಡೂ ಕಡೆ ಓಡಬೇಕಾದಾಗ ಗೊಂದಲ. 0 ಎಂದರೆ ಇಲ್ಲ ಎಂದೇ ಆಗಬೇಕೆಂದು ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಪಟ್ಟು ಹಿಡಿದರು. ಪಿಸಿಯಲ್ಲಿ 0 ಸಂಖ್ಯೆಯ ಟೈಮರ್ ಸಾಮಾನ್ಯ ಡ್ರೈವರ್‌ಗಳ ಕೈಗೆ ಬರುವುದೇ ಇಲ್ಲವಾದ್ದರಿಂದ ಅವರ ನಿಲುವು ಸರಿಯಾಗಿಯೇ ಇತ್ತು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವಂಥದ್ದಲ್ಲ. ಡ್ರೈವರ್ ಸಂಖ್ಯೆ ಕೇಳಿದಾಗ ಸಿಗದಿದ್ದರೆ ಕರ್ನೆಲ್ ಋಣ ಸಂಖ್ಯೆಯ ದೋಷಸಂಕೇತ ಕೊಡುತ್ತದೆ, ಉದಾಹರಣೆಗೆ −6. ಡ್ರೈವರ್ ಅದನ್ನು ಚಿಹ್ನೆಯಿಲ್ಲದ 32 ಬಿಟ್ ಚರದಲ್ಲಿ ಇಟ್ಟರೆ ಅದು 4294967290 ಆಗುತ್ತದೆ. ಸೊನ್ನೆಗಿಂತ ಕಡಿಮೆಯೇ ಎಂಬ ಮುಂದಿನ ಪರೀಕ್ಷೆ ಎಂದೂ ನಿಜವಾಗದು. ಡ್ರೈವರ್ ದೋಷವನ್ನೇ ಇಂಟರಪ್ಟ್ ಎಂದು ನೋಂದಾಯಿಸಲು ಹೊರಡುತ್ತದೆ. ಇಂಥ ಸಾಲುಗಳನ್ನು ಒಂದೊಂದೇ ಡ್ರೈವರ್ ತೆರೆದು, ಚರವನ್ನು ಚಿಹ್ನೆಯುಳ್ಳದ್ದಾಗಿ ಬದಲಿಸಿ ಸರಿಪಡಿಸಬೇಕಾಯಿತು. ಹೆಸರು ತರುವ ಕೆಲಸ ಇದಲ್ಲ, ಆದರೂ ಕರ್ನೆಲ್ ಗಟ್ಟಿಯಾಗಿರುವುದು ಇಂಥ ತಿದ್ದುಪಡಿಗಳಿಂದಲೇ.

2019ರ 5.4 ಆವೃತ್ತಿಯಿಂದ, ಸಂಖ್ಯೆ ಸಿಗದಿದ್ದಾಗ ದೋಷ ಸಂದೇಶವನ್ನು ಕರ್ನೆಲ್ ತಾನೇ ಮುದ್ರಿಸುತ್ತದೆ. ಡ್ರೈವರ್‌ಗಳು ಅದೇ ಮಾತನ್ನು ಮತ್ತೆ ಹೇಳುತ್ತಿದ್ದ ಸಾಲುಗಳನ್ನು ಆಮೇಲೆ ಕಿತ್ತುಹಾಕಲಾಯಿತು. ಈಗ ಡ್ರೈವರ್‌ಗೆ ಉಳಿದಿರುವುದು ಒಂದೇ ಪರೀಕ್ಷೆ: ಬಂದ ಸಂಖ್ಯೆ ಋಣವಾಗಿದ್ದರೆ ಅದನ್ನು ಹಾಗೆಯೇ ಹಿಂದಿರುಗಿಸುವುದು.