ಕಬಕದ ಮನೆಯಲ್ಲಿ ಕಡಲಿನವರ ಮಾತು

ಕಬಕ ಕಡಲತೀರದ ಊರಲ್ಲ. ಮಂಗಳೂರಿನಿಂದ ಮಾಣಿಯ ಮಾರ್ಗವಾಗಿ ಪುತ್ತೂರಿಗೆ ಹೋಗುವವರಿಗೆ, ಸುಮಾರು 45 ಕಿಲೋಮೀಟರು ಕ್ರಮಿಸಿದ ಮೇಲೆ, ಅಡಕೆಯ ತೋಟಗಳ ನಡುವೆ ಎದುರಾಗುವ ಪೇಟೆ ಅದು. ಅಲೆಯ ಸದ್ದು ಅಲ್ಲಿಗೆ ಕೇಳಿಸದು. ಆದರೂ ಆ ಸೀಮೆಯ ಒಂದು ಹಳೆಯ ಮನೆಯೊಳಗೆ ನಡೆಯುವ ಮಾತನ್ನು ಕಿವಿಗೊಟ್ಟು ಕೇಳಿರಿ. ನೀರು ತುಂಬುವುದು ಬಾಲ್ದಿಗೆ, ಗಾಳಿ ಬರುವುದು ಜನೇಲಿನಿಂದ, ಬಟ್ಟೆಬರೆ ಇರುವುದು ಅಲಮಾರಿನಲ್ಲಿ, ಅದಕ್ಕೊಂದು ಚಾವಿ. ತೋಟದ ಆಳುಗಳಿಗೆ ಪಗಾರ, ಕಟ್ಟಡ ಕಟ್ಟುವವರಿಗೆ ಮೇಸ್ತ್ರಿ. ಇವಿಷ್ಟೂ ಪೋರ್ತುಗೀಸರ ಮಾತುಗಳು. ಹಿತ್ತಿಲಿನ ಅನಾನಸು, ಪಪ್ಪಾಯಿಗಳು ಹೆಸರನ್ನೂ ಕೂಡಿಕೊಂಡೇ ಹಡಗಿನಿಂದ ಇಳಿದವು. ಬ್ರಜಿಲಿನಿಂದ ಬಂದ ಗೇರುಮರಕ್ಕಾದರೋ ನಾವೇ ನಮ್ಮ ಹೆಸರನ್ನು ಕೊಟ್ಟೆವು. ಇಂದು ಪುತ್ತೂರಿನಲ್ಲಿ ಅದರ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೇ ಇದೆ.

ಪುತ್ತೂರಿನ ಒಳನಾಡನ್ನು ಪೋರ್ತುಗೀಸರು ಆಳಿದವರಲ್ಲ. ಹಾಗಿದ್ದೂ ಅವರ ಮಾತು ಅಡುಗೆಮನೆಯವರೆಗೆ ಬಂದುದು ಹೇಗೆ? ದೊರೆಗಳ ಮೂಲಕ ಬಂದ ಮಾತು ಕಚೇರಿಯಲ್ಲಿ ನಿಲ್ಲುತ್ತದೆ; ದುಡಿಯುವವರ ಬಾಯಿಂದ ಬಂದುದು ಮನೆಯನ್ನು ಹೊಗುತ್ತದೆ. ಘಟ್ಟದ ಮೇಲಿನ ಆಡಳಿತದೊಡನೆ ನಮಗೆ ತಹಶೀಲು, ಜಮಾಬಂದಿ, ದಫ್ತರಗಳು ಬಂದವು. ಕಡಲಿನಿಂದ ಬಂದವುಗಳ ದಾರಿಯೇ ಬೇರೆ. ಅದು ನೇತ್ರಾವತಿಯ ನೀರಿನ ದಾರಿ. ಒಳನಾಡಿನ ಅಕ್ಕಿ, ಮೆಣಸು, ಅಡಕೆಗಳು ಬಂಟವಾಳ, ಪಾಣೆಮಂಗಳೂರುಗಳ ಕಡೆಯಿಂದ ದೋಣಿಯೇರಿ ಮಂಗಳೂರಿಗೆ ಇಳಿಯುತ್ತಿದ್ದವು. ಉಪ್ಪು, ಒಣಮೀನು, ಪರದೇಶದ ಸಾಮಾನು ಎದುರು ದಿಕ್ಕಿನಿಂದ ಏರುತ್ತಿದ್ದವು. ಕುಮಾರಧಾರೆ ನೇತ್ರಾವತಿಯನ್ನು ಕೂಡುವಲ್ಲಿರುವ ಉಪ್ಪಿನಂಗಡಿ ತನ್ನ ಹೆಸರಿನಲ್ಲಿಯೇ ಉಪ್ಪನ್ನು ಹೊತ್ತಿದೆ. ಸರಕಿನೊಡನೆ ಸರಕಿನ ಹೆಸರೂ, ಹೆಸರಿನೊಡನೆ ಹೇಳುವವನ ಉಚ್ಚಾರಣೆಯೂ ಹೀಗೆ ಬಂದಿರಬೇಕು.

ಈ ಸಂಪರ್ಕ ನಿನ್ನೆ ಮೊನ್ನೆಯದಲ್ಲ. ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬರೆಯುತ್ತ, ಮುಜಿರಿಸ್ ರೇವು ಹಡಗಿಗೆ ಹಿತಕರವಲ್ಲ, ಸಮೀಪದ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸಿದ್ದಾನೆ. ನಿತ್ರಿಯಾಸ್ ಎಂಬುದು ನೇತ್ರಾವತಿಯ ಮುಖವೆಂದು ಕೆಲವರೂ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವೆಂದು ಕೆಲವರೂ ಹೇಳುತ್ತಾರೆ. ಯಾವುದೇ ಇರಲಿ, ನಮ್ಮ ಕರಾವಳಿ ಪಾಶ್ಚಾತ್ಯರ ಪುಸ್ತಕದಲ್ಲಿ ಮೊದಮೊದಲು ಕಾಣಿಸಿಕೊಂಡದ್ದು ಕಡಲ್ಗಳ್ಳರ ನೆಲೆಯಾಗಿ. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದ ಕತೆಯೂ ಕಡಲಿನದೇ: ಹಿಂದೂದೇಶದ ತೀರದಲ್ಲಿ ಸೆರೆಯಾದ ಖಾರಿಶನ್ ಎಂಬ ಹೆಂಗಸನ್ನು ಅವಳ ಕಡೆಯವರು ಅಲ್ಲಿಯ ರಾಜನಿಗೆ ಮದ್ಯ ಕುಡಿಸಿ ಹಡಗಿನಲ್ಲಿ ಪಾರುಮಾಡುತ್ತಾರೆ. ರಾಜನ ಕಡೆಯವರು ಆಡುವ ಅರ್ಥವಾಗದ ನುಡಿ ಕನ್ನಡವಿರಬೇಕೆಂದು ಹುಲ್ಟ್ಜ್ 1904ರಲ್ಲಿ ಸೂಚಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಆ ಚರ್ಚೆಯನ್ನು ಬೆಳೆಸಿದರು. ಅದು ತುಳು ಎಂದವರೂ ಇದ್ದಾರೆ, ಬರಿಯ ಗೊಂದಲದ ಸದ್ದು ಎಂದವರೂ ಇದ್ದಾರೆ. ಅದು ಕನ್ನಡವೇ ಆಗಿದ್ದ ಪಕ್ಷದಲ್ಲಿ, ಅದನ್ನು ಅಷ್ಟು ದೂರಕ್ಕೆ ಒಯ್ದವನು ಪಂಡಿತನಲ್ಲ, ರೇವಿನಲ್ಲಿ ನಾಲ್ಕು ಮಾತು ಕಲಿತ ನಾವಿಕನೇ ಇರಬೇಕು.

ಹನ್ನೆರಡನೆಯ ಶತಮಾನಕ್ಕೆ ಬಂದರೆ ನೆಲ ಗಟ್ಟಿಯಾಗುತ್ತದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ 1132ರಿಂದ 1149ರ ತನಕ ಹೆಚ್ಚಾಗಿ ಮಂಗಳೂರಿನಲ್ಲಿಯೇ ಇದ್ದನು. ಕೈರೋದ ಪ್ರಾರ್ಥನಾಮಂದಿರದಲ್ಲಿ ಸಿಕ್ಕಿದ ಆ ಕಾಲದ ಕಾಗದಗಳಲ್ಲಿ ಅಡಕೆಯಿದೆ, ಮೆಣಸಿದೆ, ಬಮ್ಮನೆಂಬ ಸೇವಕನಿದ್ದಾನೆ. ಇವನು ತುಳುನಾಡಿನ ಬೊಮ್ಮನೆಂದು ಅಮಿತಾವ್ ಘೋಷ್ 1992ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದ ನಾಖುದಾ. ಪಾರಸಿಯಲ್ಲಿ ಅದಕ್ಕೆ ಹಡಗಿನ ಒಡೆಯನೆಂದು ಅರ್ಥ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸಲ್ಮಾನರಿದ್ದರೆಂದು ಬರೆದನು. ಅದೇ ಯಾತ್ರಿಕನನ್ನು ಹೊನ್ನಾವರ ಬಾರಕೂರುಗಳ ನಡುವೆ 12 ಹಡಗುಗಳ ಕಡಲ್ಗಳ್ಳರು ಮುತ್ತಿ, ಉಟ್ಟ ಚಲ್ಲಣವೊಂದನ್ನುಳಿದು ಸರ್ವಸ್ವವನ್ನೂ ದೋಚಿದರು.

ಇಂಥ ಹಡಗುಗಳಲ್ಲಿ ಅರಬ, ಪಾರಸಿಕ, ಗುಜರಾತಿ, ಕೊಂಕಣಿ, ತುಳುವ, ಮಲೆಯಾಳಿ ಒಟ್ಟಿಗೆ ದುಡಿಯುತ್ತಿದ್ದರು. ಬಿರುಗಾಳಿಯೆದ್ದಾಗ ವ್ಯಾಕರಣಕ್ಕೆ ಪುರಸೊತ್ತಿಲ್ಲ. ಆಜ್ಞೆ ಒಂದೇ ಮಾತಿನದಾಗಿರಬೇಕು, ಎಲ್ಲರಿಗೂ ತಿಳಿಯಬೇಕು. ಹಗ್ಗವೆಳೆಯುವಾಗ ಕೇಳುವ ‘ಐಲೇಸಾ’ ಎಂಬ ಕೂಗು ಯಾವ ಜಾತಿಯ, ಯಾವ ಭಾಷೆಯ ಸೊತ್ತೂ ಅಲ್ಲ. ಅದರ ಅರ್ಥ ಹತ್ತು ತೋಳುಗಳು ಒಂದೇ ಕ್ಷಣಕ್ಕೆ ಎಳೆಯುವುದರಲ್ಲಿದೆ. ಹೀಗೆ ಹುಟ್ಟಿದ ಬೆರಕೆನುಡಿಯೇ ಲಷ್ಕರಿ. ಇಂಗ್ಲಿಷ್ ಅಧಿಕಾರಿಗಳಿಗೆ ಅದು ಅರ್ಥವಾಗದೆ ತೊಡಕಾದುದರಿಂದ ಥಾಮಸ್ ರೋಬಕ್ 1811ರಲ್ಲಿ ಕಲಕತ್ತೆಯಲ್ಲಿ ಅದಕ್ಕೊಂದು ನಿಘಂಟನ್ನೇ ಅಚ್ಚುಮಾಡಿಸಿದನು. ನಮ್ಮ ಬಂದರು, ಲಂಗರು, ಖಲಾಸಿ, ಸಾರಂಗ, ತಂಡೇಲರೆಲ್ಲರೂ ಆ ಬಳಗದವರು. ಹಾಯಿ, ಹುಟ್ಟು, ಕೂವೆಮರಗಳು ಮಾತ್ರ ನಮ್ಮ ಸ್ವಂತದವು.

ಅವುಗಳಲ್ಲಿ ಚುಕ್ಕಾಣಿಯ ಚರಿತ್ರೆ ಸ್ವಾರಸ್ಯಕರ. ಅರಬ್ಬಿಯಲ್ಲಿ ಅದು ‘ಸುಕ್ಕಾನ್’. ಸಕಾರ ಹೋಗಿ ಚಕಾರ ಬಂದಿರುವುದನ್ನು, ಮಲೆಯಾಳದ ‘ಚುಕ್ಕಾನ್’ ಅನ್ನು ನೋಡಿದರೆ, ಅದು ದಿಲ್ಲಿ ವಿಜಾಪುರಗಳ ದಾರಿಯಿಂದಲ್ಲ, ತೆಂಕಣ ಕರಾವಳಿಯ ಬೆಸ್ತರ, ನಾವಿಕರ ಬಾಯಿಂದ ಬಂದಿತೆಂದು ಊಹಿಸಬಹುದು. ಇಂದು ಹಡಗನ್ನೇ ಕಾಣದ ಪತ್ರಿಕೆಯವರು ಸರಕಾರದ ಚುಕ್ಕಾಣಿ ಯಾರ ಕೈಯಲ್ಲಿ ಎಂದು ಬರೆಯುತ್ತಾರೆ. ಅದನ್ನು ಪರಕೀಯ ಶಬ್ದವೆಂದು ಹೊರಗೆ ಹಾಕಬೇಕೆನ್ನುವ ಶುದ್ಧ ಕನ್ನಡವಾದಿಗಳು ಅಪರೂಪ.

ಇನ್ನು ಕಡಲ್ಗಳ್ಳನ ವಿಚಾರ. ಕನ್ನಡದ ಈ ಪದ ನೆಲದ ಕಳ್ಳನನ್ನು ನೀರಿಗಿಳಿಸಿ ಮಾಡಿದ ಜೋಡುಪದ. ಆದರೆ ಕಡಲಿನಲ್ಲಿ ಕಳ್ಳನಾರು, ಕಾವಲಿನವನಾರು? ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರು ‘ಕರ್ತಾಸ್’ ಎಂಬ ರಹದಾರಿಚೀಟಿ ಕೊಳ್ಳದ ಹಡಗನ್ನು ಹಿಡಿದು ದೋಚುವ ಹಕ್ಕು ತಮ್ಮದೆಂದರು. ನೂರಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಅಕ್ಕಿ ಮೆಣಸು ಸಾಗಿಸುತ್ತಿದ್ದವನು ಒಂದು ಚೀಟಿಯಿಲ್ಲದುದರಿಂದ ಅಪರಾಧಿಯಾದನು. ಆ ಚೀಟಿಯ ಹೆಸರಾದರೂ ಕಾಗದವೆಂಬರ್ಥದ ಅರಬ್ಬಿ ಶಬ್ದದಿಂದಲೇ ಬಂದುದು! ಕಲ್ಲಿಕೋಟೆಯ ಸಾಮೂದಿರಿಗೆ ನೌಕಾಧಿಪತಿಗಳಾಗಿದ್ದ ಕುಂಜಾಲಿ ಮರಕ್ಕಾರರು ಪೋರ್ತುಗೀಸರ ದಾಖಲೆಯಲ್ಲಿ ಕಡಲ್ಗಳ್ಳರು; ಅವರಲ್ಲಿ ಕೊನೆಯವನನ್ನು 1600ರಲ್ಲಿ ಗೋವೆಯಲ್ಲಿ ಕೊಲ್ಲಿಸಿದರು. ಮರಕ್ಕಲಂ ಎಂದರೆ ಮರದ ಹಡಗು. ಅದರಿಂದ ಮರಕ್ಕಾರ್ ಎಂಬ ಹೆಸರಾಯಿತೆಂದು ಹಲವರ ಮತ. ತುಳುನಾಡಿನ ಮೊಗವೀರರಿಗೆ ಇದ್ದ ‘ಮರಕಲ’ ಎಂಬ ಹಳೆಯ ಹೆಸರಿನಲ್ಲಿಯೂ ಅದೇ ಮರದ ವಾಸನೆಯಿದೆ. ಆ ಮೊಗವೀರರು ಪೂಜಿಸುವ ಬೊಬ್ಬರ್ಯನೋ, ಮುಸಲ್ಮಾನ ವರ್ತಕನ ಮಗನಾಗಿ ಕಡಲಿಗಿಳಿದು, ಮಡಿದು ದೈವವಾದವನೆಂದು ಪಾಡ್ದನಗಳು ಹೇಳುತ್ತವೆ. ದಾಖಲೆ ಬರೆದವರು ಕಳ್ಳರೆಂದ ಬಳಗದವರನ್ನು ತೀರದವರು ಗುಡಿ ಕಟ್ಟಿ ನಂಬಿದರು. ನಾವಿಕನಾದರೋ ತನ್ನ ಪರವಾಗಿ ಒಂದು ಸಾಲನ್ನೂ ಬರೆದಿಡಲಿಲ್ಲ. ಅವನ ಸಾಕ್ಷ್ಯವೆಂದು ನಮಗುಳಿದಿರುವುದು ಅವನಾಡಿದ ಮಾತುಗಳು ಮಾತ್ರ.

ಆ ಸಾಕ್ಷ್ಯವೂ ಈಗ ಸವೆಯುತ್ತಿದೆ. 1974ರಲ್ಲಿ ಪಣಂಬೂರು ಮಹಾಬಂದರೆನಿಸಿತು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳಿಗೂ ಯಂತ್ರ ಬಂದಿತು. ಹಾಯಿ ಹೋದ ಮೇಲೆ ಹಾಯಿಯ ಹತ್ತು ಹಗ್ಗಗಳಿಗಿದ್ದ ಹತ್ತು ಹೆಸರುಗಳನ್ನು ಯಾರು ನೆನಪಿಡುವರು? 1988ರಿಂದ 1997ರ ನಡುವೆ ಉಡುಪಿಯಿಂದ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಎಷ್ಟೋ ಮಾತುಗಳನ್ನು ಉಳಿಸಿತು. 2009ರಲ್ಲಿ ಸ್ಥಾಪನೆಯಾದ ಬ್ಯಾರಿ ಸಾಹಿತ್ಯ ಅಕಾಡೆಮಿಯ ಮೂಲಕ ಕರಾವಳಿಯ ಮುಸಲ್ಮಾನರ ಮನೆಮಾತಿಗೂ ಮನ್ನಣೆ ದೊರೆಯಿತು. ಆದರೆ ನಿಘಂಟುಕಾರನು ಪ್ರತಿಯೊಂದು ಮನೆಯನ್ನೂ ಹೊಗಲಾರನು. ಕಡಲಿನ ಮಾತನ್ನು ಹುಡುಕುವವರು ತೀರದ ಹಳ್ಳಿಗಳನ್ನಷ್ಟೇ ನೋಡಿದರೆ ಸಾಲದು. ಕಬಕ, ಉಪ್ಪಿನಂಗಡಿಗಳಂಥ ಒಳನಾಡಿನ ಪೇಟೆಗಳಿಗೂ ಬರಬೇಕು. ಇಲ್ಲಿಯ ಬ್ಯಾರಿ ವರ್ತಕರ, ಕೊಂಕಣಿ ಅಂಗಡಿಕಾರರ ಹಳೆಯ ಲೆಕ್ಕದ ಪುಸ್ತಕಗಳನ್ನು ಬಿಡಿಸಬೇಕು. ಬಾಲ್ದಿಗೆ ಬಕೆಟು, ಜನೇಲಿಗೆ ಕಿಟಿಕಿ ಎನ್ನುವ ಮೊಮ್ಮಕ್ಕಳು ಅಜ್ಜಿಯ ಮಾತನ್ನು ತಿದ್ದುವುದಕ್ಕೆ ಮೊದಲು ಅದನ್ನೊಂದು ಕಾಗದದಲ್ಲಿ ಗುರುತು ಹಾಕಿಕೊಂಡರೆ, ಆ ನಾವಿಕರ ಚರಿತ್ರೆಗೆ ಅಷ್ಟರಮಟ್ಟಿಗೆ ಉಪಕಾರವಾದೀತು.