ಉಸಿರೇ ತಿದಿ: ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಸುಷಿರ ವಾದ್ಯಗಳ ಪುನಃಸ್ಥಾಪನೆ

ಯುರೋಪಿನ ಚರ್ಚುಗಳ ಪೈಪ್ ಆರ್ಗನ್ ಎಷ್ಟೇ ಬೃಹತ್ತಾಗಿದ್ದರೂ ಮೂಲತಃ ಸುಷಿರ ವಾದ್ಯ. ತಿದಿ ನೂಕಿದ ಗಾಳಿ ಪೆಟ್ಟಿಗೆಯೊಂದರಲ್ಲಿ ತುಂಬಿಕೊಂಡು, ಮನೆ ಒತ್ತಿದಾಗ ಆಯಾ ಕೊಳವೆಯನ್ನು ನುಡಿಸುತ್ತದೆ. ಅದು ಕಟ್ಟಡಕ್ಕೆ ಬೆಸೆದ ವಾದ್ಯವಾದ್ದರಿಂದ, ತಿದಿಯ ತೊಗಲನ್ನು ಬದಲಿಸುವುದು, ಕೊಳವೆಗಳನ್ನು ನೆಟ್ಟಗೆ ಮಾಡುವುದು, ಗಾಳಿಯ ಸೋರಿಕೆ ತಡೆಯುವುದು ಅದರ ಜೀರ್ಣೋದ್ಧಾರದ ಮುಖ್ಯ ಕೆಲಸಗಳು. ಕಟ್ಟಡವನ್ನೇ ಬಿಟ್ಟು ಬಂದವರ ವಾದ್ಯ ಪರಂಪರೆಯಲ್ಲಿ ಜೀರ್ಣೋದ್ಧಾರಕ್ಕೆ ಏನರ್ಥ? ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಟಿಬೆಟನ್ ಕಾಲೊನಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗಾಂದೆನ್ ಮಠವನ್ನು ತ್ಸೊಂಗ್‌ಖಾಪ 1409ರಲ್ಲಿ ಲಾಸಾದ ಬಳಿ ಸ್ಥಾಪಿಸಿದರು. ಅವರ ಶಿಷ್ಯ ಜಾಮ್ಯಾಂಗ್ ಚೋಜೆ 1416ರಲ್ಲಿ ಡ್ರೆಪುಂಗ್ ಕಟ್ಟಿದರು. 1959ರ ನಂತರ ಭಾರತಕ್ಕೆ ಬಂದ ಭಿಕ್ಷುಗಳಲ್ಲಿ ಹಲವರು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಸುಮಾರು ಒಂದು ದಶಕ ಕಳೆದರು. ಮುಂಡಗೋಡದಲ್ಲಿ 1966ರಲ್ಲಿ ದೋಗುಲಿಂಗ್ ವಸತಿ ಆರಂಭವಾಯಿತು. 1969ರಲ್ಲಿ ಈ ಎರಡೂ ಮಠಗಳು ಇಲ್ಲಿ ಮರುಸ್ಥಾಪನೆಗೊಂಡವು. ಗಾಂದೆನ್‌ನ ಶಾರ್ತ್ಸೆ ಮತ್ತು ಜಾಂಗ್ತ್ಸೆ, ಡ್ರೆಪುಂಗ್‌ನ ಲೋಸೆಲಿಂಗ್ ಮತ್ತು ಗೋಮಾಂಗ್ ವಿದ್ಯಾಪೀಠಗಳು ಇಂದು ಸ್ಥಳೀಯರ ಬಾಯಲ್ಲಿ 'ಲಾಮಾ ಕ್ಯಾಂಪ್'. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ. ಅದು ಅಮರಾವತಿಯ ಧಾನ್ಯಕಟಕದ ನೆನಪಿನಲ್ಲಿ ಇಟ್ಟ ಹೆಸರು. ದಕ್ಷಿಣದಿಂದ ಹೋದ ಹೆಸರು ಹೀಗೆ ದಕ್ಷಿಣಕ್ಕೆ ಮರಳಿತು.

ಈ ಮಠಗಳ ಸುಷಿರ ವಾದ್ಯಗಳಲ್ಲಿ ಮೂರು ಇಲ್ಲಿ ಮುಖ್ಯ. ದುಂಗ್‌ಕರ್ ಬಿಳಿ ಶಂಖ. ದುಂಗ್‌ಚೆನ್ ಎಂದರೆ ದೊಡ್ಡ ಕೊಂಬು. ತಾಮ್ರ, ಹಿತ್ತಾಳೆಯ ಭಾಗಗಳು ಒಂದರೊಳಗೊಂದು ಸರಿದು ಮಡಚಿಕೊಳ್ಳುತ್ತವೆ. ಪೂರ್ತಿ ಎಳೆದಾಗ ಕೆಲವು 10 ಅಡಿಗಿಂತಲೂ ಉದ್ದ. ಬೆರಳಿಡುವ ರಂಧ್ರಗಳಿಲ್ಲದ ಕಾರಣ ತುಟಿಯ ಕಂಪನದಿಂದ ಎರಡು ಮೂರು ಸ್ವರಗಳಷ್ಟೇ ಹೊರಡುತ್ತವೆ. ಸಾಮಾನ್ಯವಾಗಿ ಜೋಡಿಯಾಗಿ ಊದುವ ಇದರಲ್ಲಿ ಒಬ್ಬನು ಉಸಿರೆಳೆಯುವಾಗ ಇನ್ನೊಬ್ಬನು ನಾದವನ್ನು ಹಿಡಿದಿರುತ್ತಾನೆ. ಗ್ಯಾಲಿಂಗ್ ನಮ್ಮ ನಾಗಸ್ವರ, ಶಹನಾಯಿಗಳ ದಾಯಾದಿ: ಜೋಡಿ ಪೀಪಿ, ಮರದ ಒಡಲು, ಲೋಹದ ಅಣಸು. ಮೂಗಿನಿಂದ ಉಸಿರೆಳೆಯುತ್ತಲೇ ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ವಾದಕ ಹೊರದೂಡುತ್ತಾನೆ. ಓಲಗದಲ್ಲಿ ಒತ್ತು ಊದುವವರಿಗೆ ಈ ಉಪಾಯ ಹೊಸದಲ್ಲ. ಆರ್ಗನ್ನಿನಲ್ಲಿ ತಿದಿಯೂ ಗಾಳಿಪೆಟ್ಟಿಗೆಯೂ ಮಾಡುವ ಕೆಲಸವನ್ನು ಗ್ಯಾಲಿಂಗ್‌ನಲ್ಲಿ ಶ್ವಾಸಕೋಶ ಮತ್ತು ಕೆನ್ನೆ, ದುಂಗ್‌ಚೆನ್‌ನಲ್ಲಿ ಜೊತೆಗಾರನ ಉಸಿರು ಮಾಡುತ್ತವೆ.

ಈ ಸಂಗೀತ ಪರಂಪರೆಗೆ ಲಿಖಿತ ಆಧಾರ ಇಲ್ಲವೆಂದಲ್ಲ. ಟಿಬೆಟನ್ ವಿದ್ವಾಂಸ ಸಾಕ್ಯ ಪಂಡಿತ 13ನೆಯ ಶತಮಾನದಲ್ಲೇ ಸಂಗೀತಶಾಸ್ತ್ರ ಗ್ರಂಥ ಬರೆದಿದ್ದಾರೆ. ಪಠಣಕ್ಕೆ 'ಯಾಂಗ್‌ಯಿಗ್' ಎಂಬ ಲಿಪಿಯಿದೆ. ಬಳ್ಳಿಯಂತೆ ಬಾಗುವ ಗೆರೆಗಳು ದನಿಯ ಏರಿಳಿತವನ್ನು ಸೂಚಿಸುತ್ತವೆ. ಆದರೆ ಸ್ವರದ ನಿಖರ ಎತ್ತರವನ್ನು ಆ ಗೆರೆ ಹೇಳುವುದಿಲ್ಲ. ಅದನ್ನು ಪಠಣದ ಮುಂದಾಳು 'ಉಮ್‌ಜೆ'ಯ ಬಳಿ ಕುಳಿತು ಕೇಳಿಯೇ ಕಲಿಯಬೇಕು. ಕಲಿತವರ ಸಾಲು ಕಡಿದರೆ, ಹಸ್ತಪ್ರತಿ ಕೈಯಲ್ಲಿದ್ದೂ ಪಠಣ ಮೂಕವಾಗುತ್ತದೆ.

ಪಠಣದಂತೆ ವಾದನವೂ ಬಲ್ಲವರ ಬಳಿ ಕುಳಿತು ಕಲಿಯುವ ವಿದ್ಯೆ. ಹಾಗಾಗಿ ಮುಂಡಗೋಡದ ಸಂದರ್ಭದಲ್ಲಿ ವಾದ್ಯದ ಜೀರ್ಣೋದ್ಧಾರವು ಗುರು–ಶಿಷ್ಯರ ನಡುವಿನ ಕೊಂಡಿಯ ಜೀರ್ಣೋದ್ಧಾರ. ಕೊಂಬನ್ನು ಹೊಸದಾಗಿ ಮಾಡಿಸಬಹುದು, ಪೀಪಿ ಹೇಗೂ ಆಗಾಗ ಬದಲಾಗಬೇಕಾದದ್ದು. ವಾದ್ಯದ ಹಳಮೆಯನ್ನೇ ಮೌಲ್ಯವೆಂದು ಎಣಿಸುವ ಸಂರಕ್ಷಣಾ ಪದ್ಧತಿಗೆ ಈ ಪರಂಪರೆಯ ಬಹುಪಾಲು ಕಾಣಿಸದೆ ಹೋಗುತ್ತದೆ. ದಾಖಲಿಸುವವರು ಕೊಂಬಿನ ಉದ್ದ, ಲೋಹ, ಕೆತ್ತನೆಗಳ ಜೊತೆಗೆ ಕಿರಿಯ ಭಿಕ್ಷು ಉಸಿರು ಕಟ್ಟುವುದನ್ನು ಕಲಿಯುವ ಕ್ರಮವನ್ನೂ, ಜೋಡಿ ವಾದಕರು ಉಸಿರು ಹಂಚಿಕೊಳ್ಳುವ ಬಗೆಯನ್ನೂ ಬರೆದಿಡಬೇಕು. ಒಂಟಿ ದುಂಗ್‌ಚೆನ್ ಗಾಜಿನ ಕಪಾಟಿನಲ್ಲಿ ಪೂರ್ಣ ವಸ್ತುವಾಗಿ ಕಾಣಬಹುದು. ಮಠದ ಲೆಕ್ಕದಲ್ಲಿ ಅದು ಅರ್ಧ ವಾದ್ಯ.